ಹಳದಿ ಹೂವಿನ ಬೀಜ, ಲಂಟಾನ, ತರಗು ಬೆಂಕಿ: ಕಾಡಂಚಿನ ಪ್ರಶ್ನೋತ್ತರ

ಅಡ್ಮಿನ್: ಎಲ್ಲರಿಗೂ ನಮಸ್ಕಾರ. ಇವತ್ತು ಬೆಳಿಗ್ಗೆ 10ರಿಂದ ಗುಂಪಿನ ಪ್ರಶ್ನೆಗಳಿಗೆ ನಿವೃತ್ತ ವಲಯ ಅರಣ್ಯಾಧಿಕಾರಿಯೊಬ್ಬರು ಉತ್ತರ ಕೊಡ್ತಾರೆ. ಬಂಡೀಪುರ, ನಾಗರಹೊಳೆ, ಬಿಳಿಗಿರಿರಂಗನ ಬೆಟ್ಟ ಮೂರೂ ಕಡೆ ಕೆಲಸ ಮಾಡಿದವರು. ವಿಷಯ: ಸರ್ಕಾರಿ ಕಾಡಿನಲ್ಲಿ ಪ್ರಾಣಿಗಳ ನೆಲೆ ಉಳಿಸೋಕೆ ನಾವೇನು ಮಾಡಬಹುದು. ದಯವಿಟ್ಟು ವಿಷಯ ಬಿಟ್ಟು ಹೋಗಬೇಡಿ.

ಹಂಗಳದ ರೈತ: ನಮಸ್ಕಾರ ಸಾರ್. ನಮ್ಮ ಜಮೀನು ಕಾಡಿಗೆ ಅಂಟಿಕೊಂಡೇ ಇದೆ. ನಾನು ದನ ಕಾಯೋ ವಯಸ್ಸಲ್ಲಿ ಅಲ್ಲಿ ಎದೆಮಟ್ಟ ಹುಲ್ಲಿತ್ತು. ಈಗ ಬರೀ ಲಂಟಾನದ ಮುಳ್ಳುಪೊದೆ. ಹತ್ತಡಿ ದೂರದಲ್ಲಿ ಆನೆ ನಿಂತ್ರೂ ಕಾಣಲ್ಲ. ಕಡಿದ್ರೆ ಮುಂದಿನ ಮಳೆಗೆ ಎರಡರಷ್ಟು ಎದ್ದು ನಿಲ್ಲುತ್ತೆ. ಏನ್ ಮಾಡೋದು?

ಅಧಿಕಾರಿ: ನಮಸ್ಕಾರ. ಮಚ್ಚಲ್ಲಿ ಮೇಲೆಮೇಲೆ ಸವರಿದರೆ ಅದು ಚಿಗುರೋದೇ. ಬುಡದ ಮಣ್ಣು ಬಿಡಿಸಿ, ನೆಲಕ್ಕಿಂತ ಒಂದೆರಡು ಇಂಚು ಕೆಳಗೆ ತಾಯಿಬೇರನ್ನ ಪಿಕಾಸಿಯಲ್ಲಿ ಕತ್ತರಿಸಿ, ಬೇರು ಆಕಾಶ ನೋಡೋ ಹಾಗೆ ಗಿಡವನ್ನ ಮಗುಚಿ ಹಾಕಬೇಕು. ಕಾಯಿ ಕಟ್ಟೋ ಮೊದಲೇ ಆಗಬೇಕು. ಅಲ್ಲಿಗೆ ಅರ್ಧ ಕೆಲಸ ಅಷ್ಟೇ. ಪಿಕಳಾರ ಹಕ್ಕಿ ಹಣ್ಣು ತಿಂದು ಯಾವ ಮರದ ಮೇಲೆ ಕೂರುತ್ತೋ ಆ ಮರದ ಕೆಳಗೆ ಸಸಿ ಏಳ್ತವೆ. ಮೂರು ವರ್ಷ ತಪ್ಪದೆ ಹೋಗಿ ಕೀಳಬೇಕು, ಖಾಲಿಯಾದ ಜಾಗಕ್ಕೆ ಅಲ್ಲಿನದೇ ಹುಲ್ಲಿನ ಬೀಜ ಬೀಳಬೇಕು. ಇದನ್ನೆಲ್ಲ ನಿಮ್ಮ ಬೇಲಿ, ಬದುವಿನಲ್ಲಿ ಮಾಡಿ. ಕಾಡೊಳಗೆ ಅನುಮತಿ ಇಲ್ಲದೆ ಪಿಕಾಸಿ ಹಿಡಿದು ಹೋದರೆ ಕೇಸಾಗುತ್ತೆ.

ಮೈಸೂರು ಸದಸ್ಯ: (ಫಾರ್ವರ್ಡ್) "ಒಂದು ಲೀಟರ್ ವಿನೆಗರ್, ಕಾಲು ಕೆಜಿ ಉಪ್ಪು, ಎರಡು ಚಮಚ ಸೋಪಿನ ಪುಡಿ. ಲಂಟಾನ 7 ದಿನದಲ್ಲಿ ಸರ್ವನಾಶ. ಎಲ್ಲ ಗುಂಪಿಗೂ ಕಳಿಸಿ." ಇದು ನಿಜವಾ ಸರ್?

ಅಧಿಕಾರಿ: ಇಲ್ಲ. ಎಲೆ ಸುಡುತ್ತೆ, ಬೇರು ಸಾಯಲ್ಲ. ಉಪ್ಪು ಇಳಿದ ಮಣ್ಣಲ್ಲಿ ಹುಲ್ಲೂ ಹುಟ್ಟಲ್ಲ. ಯಾರಿಗೂ ಕಳಿಸಬೇಡಿ.

ಶಾಲೆಯ ಮೇಡಂ: ಸರ್, ನಮ್ಮದು ಗುಂಡ್ಲುಪೇಟೆ ತಾಲ್ಲೂಕಿನ ಕಾಡಂಚಿನ ಶಾಲೆ. ಜೂನ್ 5ರ ಪರಿಸರ ದಿನಕ್ಕೆ ಮಕ್ಕಳು 3000 ಬೀಜದುಂಡೆ ಕಟ್ಟುತ್ತಿದ್ದಾರೆ, ಕಾಡಿನ ಅಂಚಿಗೆ ಹೋಗಿ ಎಸೆಯುತ್ತೇವೆ. ಹೊಂಗೆ, ಬೇವು, ಹುಣಸೆ ಇದೆ. ರಸ್ತೆಬದಿಯ ಕಕ್ಕೆ ಮರದಿಂದ ಎರಡು ಸೇರು ಬೀಜವೂ ಸಿಕ್ಕಿತು. ಫೋಟೊ ಹಾಕಿದ್ದೇನೆ. ಮಣ್ಣಿಗೆ ಸಗಣಿ ಎಷ್ಟು ಸೇರಿಸಬೇಕು?

ಅಧಿಕಾರಿ: ಮೇಡಂ, ಸಗಣಿ ಮಾತು ಆಮೇಲೆ. ಕಾಯಿಯ ಪಕ್ಕ ಒಂದು ಪೆನ್ನಿಟ್ಟು ಇನ್ನೊಂದು ಫೋಟೊ ಹಾಕಿ. ಅದೇ ಮರದ ಎಲೆಯೂ ಬೇಕು. ಈಗಲೇ.

ಬೆಂಗಳೂರು ಸ್ವಯಂಸೇವಕ: ಒಳ್ಳೆ ಕೆಲಸ ಮೇಡಂ! ಕಕ್ಕೆ ಹೂ ಬಿಟ್ಟರೆ ಇಡೀ ಕಾಡು ಬಂಗಾರ. ನಾವೂ ಬಂದು ಕೈ ಜೋಡಿಸುತ್ತೇವೆ.

ಓಂಕಾರದ ಸದಸ್ಯ: ಸರ್, ಬೀಜದುಂಡೆ ಹೆಲಿಕಾಪ್ಟರ್‌ನಲ್ಲಿ ಹಾಕಿದ್ರೆ ಇನ್ನೂ ಒಳ್ಳೇದಲ್ವಾ?

ಅಧಿಕಾರಿ: ಇಲ್ಲ.

ಶಾಲೆಯ ಮೇಡಂ: ಫೋಟೊ ಹಾಕಿದೆ ಸರ್.

ಅಧಿಕಾರಿ: ಮೇಡಂ, ಇದು ಕಕ್ಕೆ ಅಲ್ಲ. ಇದು ಸೆನ್ನಾ, ಸೆನ್ನಾ ಸ್ಪೆಕ್ಟಾಬಿಲಿಸ್. ನಿಮ್ಮ ತಪ್ಪಲ್ಲ, ದೂರದಿಂದ ಎರಡೂ ಒಂದೇ ಹಳದಿ. ಹತ್ತಿರ ನೋಡಿ. ಕಕ್ಕೆ ಕಾಯಿ ಹೆಬ್ಬೆರಳಿನಷ್ಟು ದಪ್ಪ, ಮೊಳದುದ್ದ, ಮುರಿದರೆ ಒಳಗೆ ಬಿಲ್ಲೆಬಿಲ್ಲೆಯಾಗಿ ಕೈಗೆ ಅಂಟೋ ಕಪ್ಪು ತಿರುಳು. ನಿಮ್ಮ ಫೋಟೊದಲ್ಲಿರೋದು ಪೆನ್ನಿಗಿಂತ ತುಸುವೇ ದಪ್ಪ. ಕಕ್ಕೆಗೆ ಒಂದು ಕಡ್ಡಿಗೆ ನಾಲ್ಕರಿಂದ ಎಂಟು ಜೊತೆ ಎಲೆ, ಒಂದೊಂದೂ ಅಂಗೈಯಷ್ಟು. ನಿಮ್ಮ ಕಡ್ಡಿಯಲ್ಲಿ ಎಣಿಸಿದೆ: ಹನ್ನೆರಡು ಜೊತೆ, ಎಲ್ಲ ಬೆರಳುದ್ದ. ಕಕ್ಕೆ ಹೂವಿನ ಗೊಂಚಲು ಕೆಳಗೆ ಜೋತು ಬೀಳುತ್ತೆ, ಇದರದ್ದು ಕೊಂಬೆಯ ತುದಿಯಲ್ಲಿ ನೆಟ್ಟಗೆ ನಿಲ್ಲುತ್ತೆ.

ಇದು ದಕ್ಷಿಣ ಅಮೆರಿಕ ಕಡೆಯ ಮರ. ನೆರಳಿಗೆ, ಅಂದಕ್ಕೆ ಅಂತ ತಂದು ನೆಟ್ಟದ್ದು. 1980ರ ದಶಕದಲ್ಲಿ ವಯನಾಡಿನಲ್ಲಿ ನೆಟ್ಟ ಕೆಲವು ಗಿಡ ಇವತ್ತು ಅಲ್ಲಿನ ವನ್ಯಧಾಮದ ದೊಡ್ಡ ಭಾಗವನ್ನ ನುಂಗಿದೆ. ಅದಕ್ಕೆ ಹೊಂದಿಕೊಂಡೇ ನಮ್ಮ ಬಂಡೀಪುರ, ನಾಗರಹೊಳೆ, ಆಚೆ ತಮಿಳುನಾಡಿನ ಮುದುಮಲೈ. ಒಂದೊಂದು ಕಾಯಲ್ಲೂ ಹತ್ತಾರು ಬೀಜ. ನಾನು ಒಂದು ಮರದ ಕೆಳಗೆ ವಾಚರ್ ಜೊತೆ ಸಸಿ ಎಣಿಸೋಕೆ ಕೂತಿದ್ದೆ, ಟವೆಲ್ ಹಾಸುವಷ್ಟು ಜಾಗದಲ್ಲಿ ನೆಲಕ್ಕೆ ಬೆರಳು ತಾಗಿಸೋಕಾಗಲಿಲ್ಲ. ಆ ನೆರಳಲ್ಲಿ ಹುಲ್ಲು ಹುಟ್ಟಲ್ಲ. ಹುಲ್ಲಿಲ್ಲ ಅಂದರೆ ಜಿಂಕೆ, ಕಾಟಿ ನಿಲ್ಲಲ್ಲ, ಆನೆ ಹಂಗಳದ ಜೋಳಕ್ಕೆ ಬರುತ್ತೆ. ಕಡಿದರೆ ಒಂದು ಬುಡಕ್ಕೆ ಹತ್ತು ಚಿಗುರು. ಎದೆಮಟ್ಟದಿಂದ ನೆಲದ ತನಕ ಸುತ್ತಲೂ ತೊಗಟೆ ಸುಲಿದು, ನಿಂತಲ್ಲೇ ಒಣಗೋಕೆ ಬಿಡಬೇಕು. ಒಂದು ಎಳೆ ತೊಗಟೆ ಉಳಿದರೂ ಮರ ಬದುಕಿಕೊಳ್ಳುತ್ತೆ, ಮತ್ತೆ ಮತ್ತೆ ಹೋಗಿ ಚಿಗುರು ಕೀಳಬೇಕು. ತಮಿಳುನಾಡಿನಲ್ಲಿ ಇದನ್ನ ಕಾಗದದ ಕಾರ್ಖಾನೆಗೆ ಸಾಗಿಸ್ತಾ ಇದ್ದಾರೆ.

ಅಂಥದ್ದರ ಎರಡು ಸೇರು ಬೀಜ ಮಕ್ಕಳ ಕೈಯಲ್ಲಿ ಕಾಡಿಗೆ! ಮೇಡಂ, ಕಾಲಿಗೆ ಬಿದ್ದು ಕೇಳ್ತೀನಿ, ಎಸೆಯಬೇಡಿ. ತಿಪ್ಪೆಗೂ ಹಾಕಬೇಡಿ. ಬೀಜ ಒಲೆಗೆ ಹಾಕಿ ಸುಡಿ. ಎಷ್ಟು ಉಂಡೆ ಕಟ್ಟಿ ಆಗಿದೆ, ಹೇಳಿ.

ನಂಜನಗೂಡು ಸದಸ್ಯ: ಸಾರ್, ಬೀಜದುಂಡೆಗೆ ಯಾವ ಬೀಜ ಒಳ್ಳೇದು?

ಅಧಿಕಾರಿ: ಮೇಲೆ ಓದಿ.

ಹಂಗಳದ ರೈತ: ಸಾರ್, ಒಂದ್ ಮಾತು ಕೇಳ್ತೀನಿ, ಬೇಜಾರ್ ಮಾಡ್ಕೋಬೇಡಿ. ಈ ಮರ ನೆಟ್ಟಿದ್ದು ಯಾರು? ರೈತನಾ? ಸರ್ಕಾರದೋರೇ ಅಲ್ವಾ? ನಾವು ಒಂದು ಸೌದೆ ತಂದ್ರೆ ಕೇಸು.

ಅಧಿಕಾರಿ: ಬೇಜಾರಿಲ್ಲ ಅಣ್ಣ. ನೀವು ಹೇಳೋದು ನಿಜ. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ನರ್ಸರಿಯಲ್ಲಿ ಇದರ ಸಸಿಗೆ ನಾನೇ ನೀರು ಹಾಕಿಸಿದ್ದೀನಿ. ಬೇಗ ಬೆಳೆಯುತ್ತೆ ಅಂತ ಖುಷಿಪಟ್ಟಿದ್ದೆ. ಅದಕ್ಕೇ ಇವತ್ತು ಇಷ್ಟು ಕೂಗ್ತಾ ಇರೋದು.

ಚಾಮರಾಜನಗರ ಸದಸ್ಯೆ: ಆನೆ ತಿಂದ ಬಾಳೆಗೆ ಪರಿಹಾರಕ್ಕೆ ಅರ್ಜಿ ಹಾಕಿ ಎಂಟು ತಿಂಗಳಾಯ್ತು. ಯಾರನ್ನ ಕೇಳೋದು ಸರ್?

ಬಿಳಿಗಿರಿರಂಗನ ಬೆಟ್ಟದ ಸೋಲಿಗ ಯುವಕ: ಸರ್, ಲಂಟಾನ ಹೆಚ್ಚಿದ್ದು ಯಾಕೆ ಅಂತ ಯಾರೂ ಕೇಳ್ತಿಲ್ಲ. ನಮ್ಮ ಹಿರಿಯರು ಬೇಸಿಗೆ ಬಲಿಯೋ ಮೊದಲೇ ತರಗಿಗೆ ಬೆಂಕಿ ಹಾಕ್ತಿದ್ರು. ಮೊಣಕಾಲು ದಾಟದ ಬೆಂಕಿ. ಲಂಟಾನದ ಸಸಿ ಸಾಯ್ತಿತ್ತು, ನೆಲ್ಲಿ ಮರಕ್ಕೆ ಹತ್ತೋ ಉಪ್ಪಿಲು ಅನ್ನೋ ಬಂದಳಿಕೆ ಕಮ್ಮಿಯಾಗ್ತಿತ್ತು, ಹೊಸ ಹುಲ್ಲು ಬರ್ತಿತ್ತು. 1974ರಲ್ಲಿ ವನ್ಯಧಾಮ ಮಾಡಿ ಅದನ್ನ ನಿಲ್ಲಿಸಿದ್ರು. ಈಗ ನೋಡಿ.

ಬೆಂಗಳೂರು ಸ್ವಯಂಸೇವಕ: ಬೆಂಕಿ ಒಳ್ಳೇದು ಅಂತೀರಾ? 2019ರ ಫೆಬ್ರವರಿಯಲ್ಲಿ ಬಂಡೀಪುರದಲ್ಲಿ ನಾಲ್ಕು ಸಾವಿರ ಹೆಕ್ಟೇರ್ ಮೇಲೆ ಉರಿದಾಗ ನಾನು ಹಸಿ ಸೊಪ್ಪು ಹಿಡಿದು ಆರಿಸಿದವನು. ಸುಟ್ಟು ಕರಕಲಾದ ಆಮೆ ಕೈಯಲ್ಲಿ ಎತ್ತಿದ್ದೀನಿ.

ಸೋಲಿಗ ಯುವಕ: ನಾನು ಹೇಳಿದ್ದು ಆ ಬೆಂಕಿ ಅಲ್ಲ. ಪೂರ್ತಿ ಓದಿ.

ಬೆಂಗಳೂರು ಸ್ವಯಂಸೇವಕ: ಬೆಂಕಿ ಬೆಂಕಿಯೇ. ಜನ ಕಾಡೊಳಗೆ ಇರೋದ್ರಿಂದಲೇ ಇದೆಲ್ಲ.

ಸೋಲಿಗ ಯುವಕ: ವಾರಾಂತ್ಯಕ್ಕೆ ಬಂದು ಹೋಗೋರು ನಮ್ಮನ್ನ ಹೊರಗೆ ಹಾಕೋ ಮಾತಾಡಬೇಡಿ. 2011ರಲ್ಲಿ ನಮ್ಮ ಪೋಡುಗಳಿಗೆ, ಅಂದ್ರೆ ಹಾಡಿಗಳಿಗೆ, ಕಾಡಿನ ಮೇಲೆ ಸಮುದಾಯ ಹಕ್ಕು ಬಂದಿದೆ. ಲಂಟಾನದಲ್ಲಿ ಕುರ್ಚಿ ಹೆಣೆದು ಬದುಕೋರೂ ಕಾಡಿನ ಜನಾನೇ.

ಹಂಗಳದ ರೈತ: ಹುಡುಗ ಸರಿಯಾಗಿ ಹೇಳ್ತಾನೆ.

ಬೆಂಗಳೂರು ಸ್ವಯಂಸೇವಕ: ನಿಮ್ಮ ದನ ಕಾಡಲ್ಲಿ ಮೇಯೋದರ ಬಗ್ಗೆಯೂ ಮಾತಾಡೋಣ್ವಾ?

ಹಂಗಳದ ರೈತ: ಬನ್ರಿ, ಒಂದು ರಾತ್ರಿ ನನ್ನ ಹೊಲದ ಅಟ್ಟಣೆ ಮೇಲೆ ಕೂತ್ಕೊಳ್ಳಿ, ಆಮೇಲೆ ಮಾತಾಡೋಣ.

ಅಡ್ಮಿನ್: ಎಲ್ಲರೂ ಸ್ವಲ್ಪ ಸಮಾಧಾನ.

ಅಧಿಕಾರಿ: ಇಬ್ಬರೂ ಕೇಳಿ. ಸೋಲಿಗರ ತರಗು ಬೆಂಕಿಯ ವಿಚಾರ ಸುಳ್ಳಲ್ಲ. ಹಿರಿಯರ ಜೊತೆ ಕೂತು ಕೇಳಿದ್ದೀನಿ, ನೆಲ್ಲಿ ಮರದ ಉಪ್ಪಿಲು ಕಣ್ಣಾರೆ ನೋಡಿದ್ದೀನಿ. ಆ ತಿಳಿವಳಿಕೆಯನ್ನ ಕೇಳದೆ ಬಿಟ್ಟದ್ದು ನಮ್ಮ ತಪ್ಪು. ಆದರೆ ತಮ್ಮಾ, ಆಗ ಕೆಳಗಿದ್ದದ್ದು ಹುಲ್ಲು, ತರಗು. ಈಗ ಆಳೆತ್ತರದ ಒಣ ಲಂಟಾನ. ಅದಕ್ಕೆ ಕಿಡಿ ತಾಗಿದರೆ ಮೊಣಕಾಲಲ್ಲಿ ನಿಲ್ಲಲ್ಲ, ಮರದ ನೆತ್ತಿಗೆ ಹತ್ತುತ್ತೆ. ಮೊದಲು ಲಂಟಾನ ಕೀಳಬೇಕು, ಹುಲ್ಲು ಬರಬೇಕು, ಆಮೇಲೆ ನಿಮ್ಮ ಹಿರಿಯರನ್ನ ಕರೆದು ಎಲ್ಲಿ, ಯಾವಾಗ ಅಂತ ಕೇಳಿ, ಅನುಮತಿಯ ಮೇಲೆ ಮಾಡಬೇಕು. ಇದನ್ನ ಓದಿ ಯಾರಾದರೂ ಕಡ್ಡಿ ಗೀರಿದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಅಪರಾಧ. ಮತ್ತೆ ಬೆಂಗಳೂರಿನವರೇ, ಜನರನ್ನ ಹೊರಗೆ ಹಾಕಿದರೆ ಸೆನ್ನಾ ಕೀಳೋಕೆ ನೀವು ಸೋಮವಾರ ರಜೆ ಹಾಕಿ ಬರ್ತೀರಾ?

ಬೆಂಗಳೂರು ಸ್ವಯಂಸೇವಕ: ವೈಯಕ್ತಿಕವಾಗಿ ಮಾತಾಡಬೇಡಿ ಸರ್.

ತುಮಕೂರು ಸದಸ್ಯ: ಬೇಸಿಗೆಯಲ್ಲಿ ಟ್ಯಾಂಕರ್‌ನಲ್ಲಿ ಕಾಡಿಗೆ ನೀರು ಹಾಕೋಣ, ನಾನು 5000 ರೂಪಾಯಿ ಕೊಡ್ತೀನಿ.

ಅಧಿಕಾರಿ: ಮನಸ್ಸು ದೊಡ್ಡದು. ಆದರೆ ನೀರು ಇಟ್ಟಲ್ಲೇ ಎಲ್ಲ ಪ್ರಾಣಿ ಸೇರಿ ಸುತ್ತಲಿನ ಮೇವು ಬೋಳಾಗುತ್ತೆ, ರೋಗವೂ ಹರಡುತ್ತೆ. ಬೇಡ.

ಇನ್ನೊಬ್ಬ ಸದಸ್ಯ: ಹಲಸಿನ ಬೀಜ ಕಾಡಿಗೆ ಎಸೆದರೆ ಆನೆ ಊರಿಗೆ ಬರಲ್ಲ ಅಂತ ವಿಡಿಯೊ ಬಂದಿದೆ.

ಅಧಿಕಾರಿ: ಏನನ್ನೂ ಎಸೆಯಬೇಡಿ. ಹಲಸು, ಉಪ್ಪು, ಉಂಡೆ, ಏನೂ ಬೇಡ. ಮೂರನೇ ಸಲ ಬರೀತಾ ಇದ್ದೀನಿ.

ಹುಣಸೂರು ಸದಸ್ಯ: ಸಫಾರಿ ಬುಕಿಂಗ್ ಯಾವ ಸೈಟಲ್ಲಿ?

ಶಾಲೆಯ ಮೇಡಂ: ಸರ್, ಎಣಿಸಿದೆ. 1140 ಉಂಡೆ ಕಟ್ಟಿಯಾಗಿದೆ, ಎಲ್ಲ ಬೀಜ ಬೆರೆತಿದೆ, ಯಾವುದರಲ್ಲಿ ಏನಿದೆ ಗೊತ್ತಾಗಲ್ಲ. ಉಳಿದ ಬೀಜವನ್ನ ಬಿಸಿಯೂಟದ ಒಲೆಗೆ ಹಾಕಿಸಿದೆ. ಮಕ್ಕಳ ಮುಖ ನೋಡೋಕಾಗ್ತಿಲ್ಲ.

ಅಧಿಕಾರಿ: ಉಂಡೆ ಎಲ್ಲ ಒಂದು ಗೋಣಿಚೀಲಕ್ಕೆ ತುಂಬಿ ಕೋಣೆಯಲ್ಲಿಟ್ಟು ಬೀಗ ಹಾಕಿ. ಒಂದಕ್ಕೂ ಮಳೆ ನೀರು ತಾಗಬಾರದು. ಪುಡಿ ಮಾಡಿ ಒಲೆಗೆ ಹಾಕಿದರೆ ಮುಗೀತು. ಮಕ್ಕಳಿಗೆ ಬೈಯಬೇಡಿ. ಬೀಜ ತಂದ ರಸ್ತೆಬದಿಯ ಮರದ ಕೆಳಗೆ ಮೊದಲ ಮಳೆಗೆ ಸಸಿ ಏಳ್ತವೆ, ಮಣ್ಣು ಹಸಿ ಇರುವಾಗ ಎರಡು ಬೆರಳಲ್ಲಿ ಎಳೆದರೆ ಬೇರುಸಮೇತ ಬರುತ್ತೆ. ಕಕ್ಕೆ ಎಲೆ, ಸೆನ್ನಾ ಎಲೆ ಎರಡನ್ನೂ ಪಕ್ಕಪಕ್ಕ ಇಟ್ಟು ತೋರಿಸಿ. ರಸ್ತೆ ಹತ್ತಿರ ಅಂದಮೇಲೆ ದೊಡ್ಡವರು ಜೊತೆಗಿರಲಿ. ನಾನೂ ಬರ್ತೀನಿ, ದಿನ ಹೇಳಿ.

ಶಾಲೆಯ ಮೇಡಂ: ಆಯ್ತು ಸರ್. ಒಂದು ವಿಷಯ ಹೇಳೋದು ಮರೆತೆ. ನಿನ್ನೆ ಆರೇಳು ಮಕ್ಕಳು ಒಂದಷ್ಟು ಉಂಡೆಗಳನ್ನ ಮನೆಗೆ ತಗೊಂಡು ಹೋಗಿದ್ದಾರೆ.

ಅಧಿಕಾರಿ: ಈಗಲೇ ಹೋಗಿ ಮೇಡಂ. ಯಾರ ಮನೆ ಕಾಡಿಗೆ ಹತ್ತಿರವೋ ಅಲ್ಲಿಗೇ ಮೊದಲು.

ಶಾಲೆಯ ಮೇಡಂ: ಹೊರಟೆ ಸರ್.