ತೋಟದ ಮರದಿಂದ ಮಲೆನಾಡಲ್ಲೇ ಕೆಲಸ ಹುಟ್ಸೋಕಾಗಲ್ವಾ?

ತೀರ್ಥಹಳ್ಳಿ ಹೈದ: ಸಿಲ್ವರ್ ಓಕ್, ಹಲಸು, ಶಿವನಿ ಎಲ್ಲಾ ಇದೆ, ವ್ಯಾಪಾರಿ ಬಂದು ನಿಂತ ಮರಕ್ಕೇ ರೇಟ್ ಕಟ್ಟಿ ಲಾರಿ ತುಂಬ್ಕೊಂಡು ಹೋಗ್ತಾನೆ, ಲಾಭ ಎಲ್ಲಾ ಹೊರಗಿನವ್ರಿಗೆ. ಇಲ್ಲೇ ಏನಾದ್ರೂ ಮಾಡ್ಬೋದಾ ಮಾರಾಯ್ರೆ?

ಭದ್ರಾವತಿಯವ: ಹಿಂದೆ ಮಾಡಿದ್ರಲ್ಲ. 1923ರಲ್ಲಿ ನಮ್ಮ ಕಬ್ಬಿಣದ ಕಾರ್ಖಾನೆ ಶುರುವಾದಾಗ ಫರ್ನೇಸಿಗೆ ಹಾಕ್ತಿದ್ದಿದ್ದು ಕಾಡಿನ ಸೌದೆ ಇದ್ದಲು, ಆಮೇಲೆ ಮೈಸೂರು ಪೇಪರ್ ಮಿಲ್ (ಎಂಪಿಎಂ) ಬಂತು, ಊರೇನೋ ಬೆಳೀತು, ಗುಡ್ಡ ತುಂಬಾ ಪೇಪರಿಗೆ ಅಂತ ನೆಟ್ಟ ಅಕೇಶಿಯಾ ಉಳೀತು. ಅದೂ ಒಂದು ಕಾಡಾ?

ಸಾಗರದ ಅಕ್ಕ: ಟನ್ ಲೆಕ್ಕ ಬಿಡಿ. ನಮ್ಮ ಗುಡಿಗಾರರು ಅಂಗೈಯಗಲ ಗಂಧದ ತುಂಡಲ್ಲಿ ಗಣಪತಿ ಕೆತ್ತೋರು, ಗಂಧ ಸಿಗದೆ ಈಗ ಶಿವನಿನೂ ಹಿಡಿದಿದ್ದಾರೆ.

ತೀರ್ಥಹಳ್ಳಿ ಹೈದ: ಹಂಗಾದ್ರೆ ನಮ್ ಶಿವನಿ ತರ್ಲಾ ಅಕ್ಕಾ?

ಸಾಗರದ ಅಕ್ಕ: ಹಸಿ ಮರ ಬೇಡ, ಸೀಳುತ್ತೆ. ಕೊಯ್ಸಿ ನೆರಳಲ್ಲಿ ಒಣಗ್ಸು. ಬೀಟೆ ಮಾತ್ರ ಪರ್ಮಿಶನ್ ಇಲ್ದೆ ಮುಟ್ಬೇಡ ಮತ್ತೆ!