ಮ್ಯಾಂಚೆಸ್ಟರ್‌ಗೆ ಗೌರಿ ಬಾಗಿನದ ಪಾರ್ಸೆಲ್: ಅಲ್ಲಿ ಕಸ್ಟಮ್ಸ್ ಎಷ್ಟು ಬೀಳುತ್ತೆ?

ಪಿಜೆ_ಬಡಾವಣೆ:
ದಾವಣಗೆರೆಯಿಂದ ಮ್ಯಾಂಚೆಸ್ಟರ್‌ನಲ್ಲಿರುವ ಅಕ್ಕನಿಗೆ ಗೌರಿ ಹಬ್ಬಕ್ಕೆ ಪಾರ್ಸೆಲ್ ಕಳಿಸಬೇಕು. ಮೊಳಕಾಲ್ಮೂರು ರೇಷ್ಮೆ ಸೀರೆ 9,200 ರೂ., ಭಾವನಿಗೆ ಕಾಟನ್ ಶರ್ಟ್ 2,000, ಮಗುವಿಗೆ ಫ್ರಾಕು 1,500. ಜೊತೆಗೆ ಬಳೆ, ಅರಿಶಿನ ಕುಂಕುಮ, ಖಾರ ಮಂಡಕ್ಕಿ, ಪೇಡ. ಗಿಫ್ಟ್ ಅಂತ ಬರೆದರೆ ಸುಂಕ ಇಲ್ಲ ಅಂತಾರೆ, ನಿಜವೇ? ಸೀರೆ ಅಂಗಡಿಯವರು ತಾವೇ ನೇರವಾಗಿ ಕಳಿಸಿಕೊಡುತ್ತೇವೆ ಅಂತಲೂ ಹೇಳ್ತಿದ್ದಾರೆ.

ದುರ್ಗದವ:
ಅಂಗಡಿಯಿಂದ ನೇರವಾಗಿ ಬೇಡ. ಬ್ರಿಟನ್ನಿನಲ್ಲಿ ಗಿಫ್ಟ್ ರಿಯಾಯಿತಿ ಸಿಗುವುದು ಒಬ್ಬ ಖಾಸಗಿ ವ್ಯಕ್ತಿ ಇನ್ನೊಬ್ಬ ವ್ಯಕ್ತಿಗೆ ಹಬ್ಬ, ಹುಟ್ಟುಹಬ್ಬದಂಥ ಸಂದರ್ಭಕ್ಕೆ ಕಳಿಸಿದರೆ ಮಾತ್ರ. ಕಳಿಸಿದವರ ಜಾಗದಲ್ಲಿ ಅಂಗಡಿಯ ಹೆಸರು, ಒಳಗೆ ಜಿಎಸ್‌ಟಿ ಬಿಲ್ಲು ಇದ್ದರೆ ಅದು ಮಾರಾಟದ ಸರಕು ಅಂತಲೇ ಲೆಕ್ಕ. ಸೀರೆ ಮನೆಗೆ ತಂದು ನಿಮ್ಮ ಹೆಸರಲ್ಲೇ ಕಳಿಸಿ.

ಗಿಫ್ಟ್ ಅಂದಮಾತ್ರಕ್ಕೆ ಪೂರಾ ಮಾಫಿ ಇಲ್ಲ. 39 ಪೌಂಡ್‌ವರೆಗೆ ಏನೂ ಇಲ್ಲ. ಅದು ದಾಟಿ 135ರವರೆಗೆ ವ್ಯಾಟ್ ಮಾತ್ರ, 135 ದಾಟಿದರೆ ಕಸ್ಟಮ್ಸ್ ಸುಂಕವೂ ಸೇರುತ್ತೆ (630 ಪೌಂಡ್‌ವರೆಗೆ ಸಾಮಾನ್ಯವಾಗಿ ಶೇ. 2.5). ಪೌಂಡಿಗೆ 115 ರೂ. ಅಂತ ಹಿಡಿದರೆ 39 ಪೌಂಡ್ ಅಂದ್ರೆ ಸುಮಾರು 4,500 ರೂ.

ಎಡವುವುದು ಇಲ್ಲೇ. ಪಾರ್ಸೆಲ್ ಜೊತೆ ಕೊಡುವ ಕಸ್ಟಮ್ಸ್ ಫಾರಂನಲ್ಲಿ "ಬಟ್ಟೆ, 12,700 ರೂ." ಅಂತ ಒಂದೇ ಸಾಲು ಬರೆದರೆ ಇಡೀ ಪಾರ್ಸೆಲ್ 110 ಪೌಂಡಿನ ಒಂದೇ ಗಿಫ್ಟ್ ಆಗುತ್ತೆ, ಅಷ್ಟಕ್ಕೂ ವ್ಯಾಟ್. ಮೂವರಿಗೂ ಬೇರೆ ಬೇರೆ ಸುತ್ತಿ, ಮೇಲೆ ಅವರವರ ಹೆಸರಿನ ಚೀಟಿ ಅಂಟಿಸಿ, ಫಾರಂನಲ್ಲೂ ಒಂದೊಂದರ ಬೆಲೆ ಬೇರೆ ಬೇರೆ ತೋರಿಸಿದರೆ 39 ಪೌಂಡಿನ ಮಿತಿ ಪ್ರತಿಯೊಬ್ಬರಿಗೂ ಪ್ರತ್ಯೇಕವಾಗಿ ಅನ್ವಯಿಸುತ್ತೆ. ಆಗ ಶರ್ಟು, ಫ್ರಾಕು ಎರಡೂ ಪಾರು. ಮಕ್ಕಳ ಬಟ್ಟೆಗೆ ಅಲ್ಲಿ ಹೇಗೂ ವ್ಯಾಟ್ ಸೊನ್ನೆ. ಸೀರೆಯೊಂದು 80 ಪೌಂಡ್, ಅದಕ್ಕೆ ಶೇ. 20 ಅಂದ್ರೆ 16 ಪೌಂಡ್. ಅಂಚೆ ವೆಚ್ಚದ ಪಾಲಿನ ಮೇಲೂ ವ್ಯಾಟ್ ಹಾಕ್ತಾರೆ. ಅಲ್ಲಿನ ಅಂಚೆಯವರು, ಅಂದ್ರೆ ರಾಯಲ್ ಮೇಲ್, ತಲುಪಿಸಿದರೆ 8 ಪೌಂಡ್ ನಿರ್ವಹಣಾ ಶುಲ್ಕ ಬೇರೆ. ಸ್ಪೀಡ್ ಪೋಸ್ಟ್ ಪಾರ್ಸೆಲ್‌ಗಳು ಪಾರ್ಸೆಲ್‌ಫೋರ್ಸ್ ಅನ್ನೋ ಅಲ್ಲಿನ ಕೊರಿಯರ್ ಕೈಗೆ ಹೋಗುತ್ತವೆ, ಅವರ ಶುಲ್ಕ ಇನ್ನೂ ಜಾಸ್ತಿ. ಒಟ್ಟು 25–35 ಪೌಂಡ್ ಕೇಳಬಹುದು ಅಂತ ಅಕ್ಕನಿಗೆ ಮೊದಲೇ ಹೇಳಿಡಿ, ಕಟ್ಟಬೇಕಾದವರು ಅವರೇ.

ಪಿಜೆ_ಬಡಾವಣೆ:
ಹಂಗಾದ್ರೆ ಸೀರೆಗೆ 4,000 ಅಂತ ಬರೆದರೆ ಮುಗೀತಲ್ಲ ಸರ್?

ದುರ್ಗದವ:
ರೇಷ್ಮೆ, ಜರಿ ನೋಡಿದ ಅಧಿಕಾರಿ ಬೆಲೆ ಒಪ್ಪದಿದ್ದರೆ ಪಾರ್ಸೆಲ್ ಅಲ್ಲೇ ಕೂರುತ್ತೆ, ಬಿಲ್ಲು ಕೇಳ್ತಾರೆ, ಮುಟ್ಟುಗೋಲೂ ಹಾಕಿಕೊಳ್ಳಬಹುದು. ಕಳೆದುಹೋದರೂ ಪರಿಹಾರ ಕೇಳಲು ನೀವು ಬರೆದ 4,000ವೇ ಆಧಾರ. 16 ಪೌಂಡ್ ಉಳಿಸಲು ಇಷ್ಟು ರಗಳೆ ಬೇಡ.

ಮಂಡಿಪೇಟೆ_ಪಾರ್ಸೆಲ್:
ಪ್ಯಾಕಿಂಗ್ ಬಗ್ಗೆ. ಪೇಡ ತೆಗೆದಿಡಿ. ಭಾರತದಿಂದ ಹಾಲಿನ ಪದಾರ್ಥ ಬ್ರಿಟನ್‌ಗೂ ಯುರೋಪಿಗೂ ಹೋಗುವಂತಿಲ್ಲ. ಖೋವಾ, ತುಪ್ಪ ಎಲ್ಲಾ ಅದರಲ್ಲೇ ಬಂತು. ಸಿಕ್ಕರೆ ಎತ್ತಿ ಬಿಸಾಡ್ತಾರೆ, ಜೊತೆಗಿದ್ದ ಸೀರೆಯೂ ತಡ ಆಗುತ್ತೆ. ಚಕ್ಕುಲಿ, ಖಾರ ಆಗಬಹುದು. ಹಸಿ ಕರಿಬೇವು, ವೀಳ್ಯದೆಲೆ, ಬಿತ್ತನೆ ಬೀಜ ಬೇಡ. ಬಾಗಿನದ ಅಕ್ಕಿ ಬೇಳೆ ಅಲ್ಲೇ ಸಿಗುತ್ತೆ, ಇಲ್ಲಿಂದ ತೂಕಕ್ಕೆ ದುಡ್ಡು ಕೊಟ್ಟು ಕಳಿಸೋದು ದಂಡ.

ನಮ್ಮೂರ ಮಂಡಕ್ಕಿ ಕಳಿಸಬೇಡಿ ಅನ್ನೋಕೆ ಬಾಯಿ ಬರಲ್ಲ, ಆದರೆ ಖಾಸಗಿ ಕೊರಿಯರ್‌ನವರು ಗಾತ್ರಕ್ಕೂ ತೂಕ ಕಟ್ತಾರೆ: ಉದ್ದ, ಅಗಲ, ಎತ್ತರ ಸೆಂ.ಮೀ.ನಲ್ಲಿ ಗುಣಿಸಿ 5000ದಿಂದ ಭಾಗಿಸಿ. 40×30×30ರ ಡಬ್ಬಕ್ಕೆ 7.2 ಕೆಜಿ. ಒಳಗೆ 2 ಕೆಜಿ ಇದ್ದರೂ 7.2ಕ್ಕೇ ಬಿಲ್ಲು. ಒಂದು ಸಣ್ಣ ಪೊಟ್ಟಣ ಸಾಕು. ಬಟ್ಟೆ ಕೆಳಗೆ, ಮಂಡಕ್ಕಿ ಮೇಲೆ, ಬಳೆ ಡಜನ್ ಲೆಕ್ಕದಲ್ಲಿ ಕಾಗದ ಸುತ್ತಿ ಬಟ್ಟೆಯ ಮಡಿಕೆ ನಡುವೆ. ಕುಂಕುಮಕ್ಕೆ ಎರಡು ಕವರ್, ಇಲ್ಲದಿದ್ದರೆ ಸೀರೆಯ ಬಣ್ಣ ನೀವು ಆರಿಸಿದ್ದಲ್ಲ.

ಹೆಡ್ ಪೋಸ್ಟಾಫೀಸಿಗೆ ಡಬ್ಬ ಮುಚ್ಚದೆ ಒಯ್ಯಿರಿ, ಕೌಂಟರಿನವರು ತೆಗೆದು ನೋಡಬಹುದು. ಟೇಪು ಜೊತೆಗಿರಲಿ. ಆಧಾರ್ ಪ್ರತಿ, ಅಕ್ಕನ ಪೂರ್ತಿ ವಿಳಾಸ, ಪೋಸ್ಟ್‌ಕೋಡ್, ಅಲ್ಲಿನ ಮೊಬೈಲ್ ನಂಬರ್, ಇಮೇಲ್ ಬೇಕು. ಸುಂಕ ಕಟ್ಟುವ ಸೂಚನೆ ತಲುಪದೆ ಕೆಲವು ವಾರ ಕಳೆದರೆ ಪಾರ್ಸೆಲ್ ವಾಪಸ್.

ಸಿಎನ್_23:
ಫಾರಂನಲ್ಲಿ ಗಿಫ್ಟ್ ಚೌಕಕ್ಕೆ ಗುರುತು ಹಾಕಿ, ವಸ್ತುಗಳ ಹೆಸರನ್ನು ಇಂಗ್ಲಿಷಿನಲ್ಲಿ ಬಿಡಿಸಿ ಬರೆಯಿರಿ: "ಅಕ್ಕನಿಗೆ, ರೇಷ್ಮೆ ಸೀರೆ, 1, ಇಷ್ಟು ಗ್ರಾಂ, 9,200 ರೂ., ತಯಾರಿಕೆ ಭಾರತ" ಅನ್ನುವ ಹಾಗೆ. "ಬಟ್ಟೆ" ಅಂತಲೋ "ಗಿಫ್ಟ್ ಐಟಂ" ಅಂತಲೋ ಬರೆದರೆ ತಡೆ ಗ್ಯಾರಂಟಿ. ಬೆಲೆ ಸೊನ್ನೆ ಅಂತ ಬರೆಯುವಂತಿಲ್ಲ. ಎಚ್ಎಸ್ ಕೋಡ್ (ಕಸ್ಟಮ್ಸ್‌ನವರು ಸರಕು ಗುರುತಿಸುವ ಸಂಖ್ಯೆ) ಆರಂಕಿ: ರೇಷ್ಮೆ ಸೀರೆಗೆ 500720, ಗಂಡಸರ ಕಾಟನ್ ಶರ್ಟಿಗೆ 620520, ಹುಡುಗಿಯರ ಕಾಟನ್ ಫ್ರಾಕಿಗೆ 620442. ಕೂಸಾಗಿದ್ದರೆ, ಅಂದ್ರೆ 86 ಸೆಂ.ಮೀ. ಎತ್ತರದೊಳಗಿನ ಮಗುವಿನ ಬಟ್ಟೆಗೆ 620920.

ಬೇರೆ ದೇಶಕ್ಕೆ ಕಳಿಸುವವರು ಈ ಲೆಕ್ಕ ಹಿಡಿಯಬೇಡಿ. ಜರ್ಮನಿ, ಐರ್ಲೆಂಡ್ ಸೇರಿ ಯುರೋಪ್ ಒಕ್ಕೂಟದಲ್ಲಿ ಗಿಫ್ಟ್ ಮಿತಿ 45 ಯೂರೋ, ಕೆನಡಾದಲ್ಲಿ 60 ಕೆನಡಾ ಡಾಲರ್, ಅಮೆರಿಕದಲ್ಲಿ ಒಬ್ಬರಿಗೆ ದಿನಕ್ಕೆ 100 ಡಾಲರ್.

ಪಿಜೆ_ಬಡಾವಣೆ:
ಮಗುವಿಗೆ ನಾಲ್ಕು ವರ್ಷ, 620442 ಹಾಕ್ತೀನಿ. ಪೇಡ ಮನೇಲೇ ಖಾಲಿ ಮಾಡ್ತೀವಿ.