ಬೆಳ್ಳಿ ನಾಣ್ಯ ಸಿಟ್ರಿಕ್ ಆಸಿಡ್‌ಗೆ ಹಾಕಿದ್ಮೇಲೆ ಕೆಂಪಗಾಗಿದೆ, ಯಾರಾದ್ರೂ ಹೇಳಿ

ಕ್ರಾಕೋವ್_ಹುಡ್ಗ:
ತಲೆ ಕೆಟ್ಟೋಗಿದೆ. ಇಲ್ಲಿ ಸಂತೇಲಿ ತಗೊಂಡ ಪೊಲ್ತೊರಾಕ್ ಅನ್ನೋ ಸಣ್ಣ ಬೆಳ್ಳಿ ನಾಣ್ಯ, ಪೋಲೆಂಡಿನ ದೊರೆ ಮೂರನೇ ಸಿಗಿಸ್ಮಂಡ್ ಕಾಲದ್ದು, 1624. ಹಸಿರು ಕಿಲುಬಿತ್ತು ಅಂತ ಸಿಟ್ರಿಕ್ ಆಸಿಡ್ ನೀರಲ್ಲಿ ಬಿಟ್ಟೆ, ತೆಗೆದು ನೋಡಿದ್ರೆ ಪೂರ್ತಿ ಗುಲಾಬಿ ಬಣ್ಣ, ಈಗ್ತಾನೆ ಹುಣಸೆಹಣ್ಣು ಹಾಕಿ ಉಜ್ಜಿದ ಚೊಂಬಿನ ಥರ. ಬೆಳ್ಳಿ ಅಂತ ದುಡ್ಡು ಕೊಟ್ಟಿದೀನಿ ಕಣ್ರಪ್ಪ, ಏನ್ ಮಾಡ್ಲಿ?

ಚಿಲ್ಲರೆ_ಗೌಡ:
ಡೂಪ್ಲಿಕೇಟ್. ತಾಮ್ರದ ಬಿಲ್ಲೆಗೆ ಬೆಳ್ಳಿ ನೀರು ಕೊಟ್ಟಿದಾರೆ, ಅದು ಎದ್ದೋಗಿದೆ. ತೂಕ ಎಷ್ಟು?

ಕ್ರಾಕೋವ್_ಹುಡ್ಗ:
1 ಗ್ರಾಂ ಮೇಲೆ ಸ್ವಲ್ಪ.

ಹಳೇದುಡ್ಡು:
ತೂಕ ಸರಿಯಾಗೇ ಇದೆ. ಗೌಡ್ರೇ ನಿಮಗೆ ಎಲ್ಲಾನೂ ಡೂಪ್ಲಿಕೇಟೇ. ಇದ್ರಲ್ಲಿ ಅಸಲಿಗೇ ಅರ್ಧಕ್ಕಿಂತ ಕಮ್ಮಿ ಬೆಳ್ಳಿ, ಮಿಕ್ಕಿದ್ದು ತಾಮ್ರ, ಟಂಕಸಾಲೆಯವ್ರೇ ಬಿಲ್ಲೆನ ಹುಳಿಗೆ ಹಾಕಿ ಮೇಲಿನ ತಾಮ್ರ ತೆಗೆದು ಬೆಳ್ಳಗೆ ಮಾಡಿ ಆಮೇಲೆ ಅಚ್ಚು ಹೊಡೀತಿದ್ರು. ಅಂದಹಾಗೆ 1624 ಅಂತ ಹೇಗೆ ಹೇಳ್ತೀರಾ? ನಾಣ್ಯದ ಮೇಲಿರೋ ಗೋಳದ ಚಿತ್ರದೊಳಗಿನ 24 ಇಸವಿ ಅಲ್ಲ, ಥಾಲರ್ ಅನ್ನೋ ದೊಡ್ಡ ಬೆಳ್ಳಿ ನಾಣ್ಯದ 24ನೇ ಒಂದು ಭಾಗ ಅಂತ. ಇಸವಿಯ ಕೊನೇ ಎರಡಂಕಿ ಗೋಳದ ಮೇಲಿನ ಶಿಲುಬೆಯ ಆಕಡೆ ಒಂದು ಈಕಡೆ ಒಂದು ಇರತ್ತೆ.

ಕ್ರಾಕೋವ್_ಹುಡ್ಗ:
2, 2 ಅಂತಿದೆ. ಸರಿ 1622. ಬಣ್ಣದ್ ಕಥೆ ಹೇಳಿ ಸರ್.

ಚಿಲ್ಲರೆ_ಗೌಡ:
ನನ್ ಹತ್ರ 1624ರದ್ದೇ ಇದೆ, ಅದ್ರಲ್ಲಿ ಗೋಳದೊಳಗೂ 24, ಶಿಲುಬೆ ಹತ್ರಾನೂ 24. ಹೊಸ ಡಿಜಿಟಲ್ ಮೈಕ್ರೋಸ್ಕೋಪ್ ತಗೊಂಡೆ, ರಿಂಗ್ ಲೈಟ್ ಸಮೇತ, ಅಕ್ಷರದ ಸಂದಿ ಮಣ್ಣೂ ಕಾಣತ್ತೆ. ನಾಳೆ ಫೋಟೋ ಹಾಕ್ತೀನಿ.

ಹಳೇದುಡ್ಡು:
ಯಾರ್ ಕೇಳಿದ್ರು

ಅಕ್ಕಸಾಲಿ_ಮನೆ:
ತಮ್ಮಾ, ಆಸಿಡ್‌ನಲ್ಲಿ ನಾಣ್ಯದ ಜೊತೆ ಬೇರೆ ಏನಿತ್ತು?

ಕ್ರಾಕೋವ್_ಹುಡ್ಗ:
ಏನೂ ಇಲ್ಲ. ಎತ್ತೋಕೆ ಸುಲಭ ಅಂತ ತಂತಿ ಸುತ್ತಿ ಇಳಿಬಿಟ್ಟಿದ್ದೆ ಅಷ್ಟೇ, ಮಾಮೂಲಿ ಕಬ್ಬಿಣದ ತಂತಿ.

ಅಕ್ಕಸಾಲಿ_ಮನೆ:
ಅದೇ ಕಾರಣ. ಕಿಲುಬಿನ ತಾಮ್ರ ಆಸಿಡ್‌ನಲ್ಲಿ ಕರಗಿರತ್ತೆ, ಕಬ್ಬಿಣ ತಾಗಿದ್ರೆ ಕಬ್ಬಿಣ ಕರಗಿ ಆ ತಾಮ್ರ ವಾಪಸ್ ಬೆಳ್ಳಿ ಮೇಲೆ ಕೂತ್ಕೊಳತ್ತೆ. ನಮ್ ಕೆಲಸದಲ್ಲಿ ಒಡವೆ ಆಸಿಡ್‌ಗೆ ಹಾಕೋ ಮುಂಚೆ ಕಟ್ಟುತಂತಿ ಬಿಚ್ಚೇ ಬಿಚ್ತೀವಿ, ಎತ್ತೋದೂ ತಾಮ್ರದ ಚಿಮಟದಲ್ಲೇ.

ಚಿಲ್ಲರೆ_ಗೌಡ:
ಹಾಗಾದ್ರೆ ಹೊಸ ಆಸಿಡ್‌ಗೆ ಹೈಡ್ರೋಜನ್ ಪೆರಾಕ್ಸೈಡ್ ಹಾಕಿದ್ರೆ ಹೋಗತ್ತೆ ಬಿಡಿ.

ಅಕ್ಕಸಾಲಿ_ಮನೆ:
ಹೋಗತ್ತೆ, ಒಡವೆಗಾದ್ರೆ ನಾನೂ ಹಾಕ್ತೀನಿ. ಇದ್ರಲ್ಲಿ ಅರ್ಧದ ಮೇಲೆ ತಾಮ್ರವೇ ಇರುವಾಗ ಪದರದ ಜೊತೆ ನಾಣ್ಯಾನೂ ತಿಂದು ತೂತು ತೂತು ಮಾಡತ್ತೆ.

ಹಳೇದುಡ್ಡು:
ಹಾಗೇ ಬಿಡೋದೇ ವಾಸಿ. ಚೆನ್ನಾಗಿ ತೊಳೆದು ಒಣಗಿಸಿ ಇಡಿ, ಬರ್ತಾ ಬರ್ತಾ ಕಂದು ಬಣ್ಣಕ್ಕೆ ತಿರುಗತ್ತೆ.

ಕ್ರಾಕೋವ್_ಹುಡ್ಗ:
ಒಬ್ರು ಹಾಕು ಒಬ್ರು ಬೇಡ. ಇನ್ನೆರಡು ಅದೇ ಬಟ್ಟಲಲ್ಲಿ ನೇತಾಡ್ತಿದೆ, ಅದಕ್ಕೇನ್ ಮಾಡ್ಲಿ?

ಅಕ್ಕಸಾಲಿ_ಮನೆ:
ಮೊದ್ಲು ತಂತಿ ಬಿಚ್ಚು ಮಾರಾಯ!